ನಾಚಿಕೆಗೆ ಮದ್ದಿಲ್ಲ, ತುರಿಕೆಗೆ ಇದೆ



ಒಂದು ಸಂಜೆ ಕಾರ್ಯಕ್ರಮ ಮುಗಿಸಿ ಮೈಕ್ ಆರಿಸುವಾಗ ಕಾಮೋಠೆಯಿಂದ ಕರೆ ಬಂತು. ಹಾಡಿನ ಕೋರಿಕೆ ಇರಬಹುದೆಂದುಕೊಂಡೆ. "ಅಕ್ಕಾರ, ಇದನ್ನ ರೇಡಿಯೋದಾಗ ಹೇಳಬ್ಯಾಡ್ರಿ" ಎಂದೇ ಆ ಸೋದರಿ ಮಾತು ಆರಂಭಿಸಿದರು. ಮೂರು ತಿಂಗಳಿಂದ ಬಿಳಿ ಹೋಗುತ್ತಿದೆ, ತುರಿಕೆ ತಡೆಯಲಾಗುತ್ತಿಲ್ಲ. ಮೆಡಿಕಲ್ ಅಂಗಡಿಯ ಮುಲಾಮು ಹಚ್ಚಿದ್ದಾಯಿತು, ಡೆಟಾಲ್ ನೀರಿನಲ್ಲಿ ತೊಳೆದದ್ದಾಯಿತು. ಎಂಜಿಎಂ ಆಸ್ಪತ್ರೆ ಅವರ ಊರಲ್ಲೇ ಇದೆ. ಆದರೂ ಹೋಗಿರಲಿಲ್ಲ. "ಡಾಕ್ಟರ್ ಏನು ತಿಳ್ಕೋತಾರೋ ಅಂತ ಹೆದರಿಕಿರಿ" ಎಂದರು.

ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ, ತಿಳಿದು ಬಂದ ಮಾತನ್ನು ನಿಮಗೆ ಮುಟ್ಟಿಸುವವಳು. ಒಬ್ಬರೇ ಕೂತು ಓದಿ, ಮಗಳಿಗೂ ಕೊಡಿ.

ಆ ಸೋದರಿ ಒಬ್ಬರೇ ಅಲ್ಲ. ನಮ್ಮ ಮಹಾರಾಷ್ಟ್ರದ್ದೇ ಗಡ್‌ಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ, 1989ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೂ ಮೊದಲು ಅಂಥ ತಪಾಸಣೆ ಮಾಡಿಸಿಕೊಂಡಿದ್ದವರು ನೂರಕ್ಕೆ ಎಂಟೇ ಮಂದಿ!

ಬಿಳಿ ಹೋಗುವುದೆಲ್ಲ ರೋಗವೇ? ಅಲ್ಲ. ತಿಳಿಯಾಗಿ, ದುರ್ವಾಸನೆಯಿಲ್ಲದೆ, ತುರಿಕೆಯಿಲ್ಲದೆ ಸ್ವಲ್ಪ ಸ್ರಾವವಾಗುವುದು ಸಹಜ. ಮುಟ್ಟಿನ ನಡುದಿನಗಳಲ್ಲಿ, ಬಸುರಿನಲ್ಲಿ ಅದು ಹೆಚ್ಚುತ್ತದೆ. ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ. ಹಾಲನ್ನು ಮೊಸರು ಮಾಡುವ ಬಳಗದವೇ ಅವು. ಅವು ಹುಟ್ಟಿಸುವ ಆಮ್ಲ ಕೆಟ್ಟ ಕ್ರಿಮಿಗಳನ್ನು ಹದ್ದಿನಲ್ಲಿಡುತ್ತದೆ. ಈ ಕಾವಲು ಸಡಿಲವಾದಾಗಲೇ ತೊಂದರೆ.

ಸಾಮಾನ್ಯವಾಗಿ ಕಾಡುವ ಸೋಂಕುಗಳು ಮೂರು. ಮೊಸರು ಒಡೆದಂತೆ ಗಟ್ಟಿಯಾದ ಬಿಳಿ ಸ್ರಾವ, ವಿಪರೀತ ತುರಿಕೆ, ಉರಿ ಇದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರ ಇರಬಹುದು. ತೆಳುವಾದ ಬೂದು ಸ್ರಾವ, ಮೀನಿನಂಥ ವಾಸನೆ ಇದ್ದರೆ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರಬಹುದು. ಹಳದಿ-ಹಸಿರು, ನೊರೆಯಂಥ ಸ್ರಾವವಿದ್ದರೆ ಟ್ರೈಕೊಮೊನಾಸ್ ಇರಬಹುದು. ಇದು ಲೈಂಗಿಕ ಸಂಪರ್ಕದಿಂದ ಹರಡುವುದರಿಂದ ಗಂಡನಿಗೂ ಚಿಕಿತ್ಸೆ ಬೇಕೇ ಬೇಕು. ಮೂರಕ್ಕೂ ಒಂದೇ ಮದ್ದು ಸಲ್ಲದು. ಶಿಲೀಂಧ್ರದ ಮದ್ದು ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ. ಲಕ್ಷಣ ಒಂದರೊಳಗೊಂದು ಬೆರೆಯುವುದೂ ಉಂಟು. ಆದ್ದರಿಂದ ಊಹೆ ಸಾಲದು, ಪರೀಕ್ಷೆ ಬೇಕು.

ಅಂಗಡಿಯವರು ಕೊಡುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ನಾಲ್ಕು ದಿನ ಅಡಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ, ಚರ್ಮವೂ ತೆಳುವಾಗುತ್ತದೆ. ಡೆಟಾಲ್, ಸೋಪು, ಸುಗಂಧದ ದ್ರವಗಳಿಂದ ಒಳಗೆ ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ. ಹೊರಗಷ್ಟೇ ಬರೀ ನೀರಿನಿಂದ ತೊಳೆದರೆ ಸಾಕು.

ಮಾನಸರೋವರ ನಿಲ್ದಾಣದಿಂದ ಸಿಎಸ್‌ಎಂಟಿಗೆ ಗಂಟೆಗೂ ಮಿಕ್ಕಿ ಲೋಕಲ್‌ನಲ್ಲಿ ಬೆವರುವವರು ಹತ್ತಿಯ ಒಳ ಉಡುಪು ಧರಿಸಿ. ಮಳೆಗಾಲದಲ್ಲಿ ಅರೆ ಒಣಗಿದ್ದನ್ನು ತೊಡಬೇಡಿ, ಇಸ್ತ್ರಿಯಾದರೂ ಮಾಡಿ. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ವೈದ್ಯರು ಕೊಟ್ಟ ಮದ್ದನ್ನು ತುರಿಕೆ ನಿಂತಿತೆಂದು ಅರ್ಧಕ್ಕೇ ಬಿಡಬೇಡಿ. ಬಸುರಿಯರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಕೆಲವು ಮಾತ್ರೆ ಆಗ ಸಲ್ಲದು. ಜ್ವರ, ಕಿಬ್ಬೊಟ್ಟೆ ನೋವು, ರಕ್ತ ಕಂಡರೆ, ಅಥವಾ ಮುಟ್ಟು ನಿಂತ ಮೇಲೆ ಸ್ರಾವ ಶುರುವಾದರೆ ತಡ ಮಾಡಬೇಡಿ.

ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ. ಸಕ್ಕರೆ ಹೆಚ್ಚಿದಲ್ಲಿ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ. ಕರೆ ಮಾಡಿದ್ದ ಸೋದರಿಗೆ ಆದದ್ದೂ ಅದೇ. ಕೊನೆಗೂ ಅತ್ತಿಗೆಯನ್ನು ಜೊತೆಗಿಟ್ಟುಕೊಂಡು ವೈದ್ಯೆಯ ಬಳಿ ಹೋದರು. ತುರಿಕೆಗೆಂದು ಹೋದಾಗ, ತಮಗಿದೆಯೆಂದೇ ಗೊತ್ತಿರದ ಸಕ್ಕರೆ ಕಾಯಿಲೆ ಸಿಕ್ಕಿಬಿತ್ತು. ಈಗ ಎರಡಕ್ಕೂ ಚಿಕಿತ್ಸೆ ನಡೆದಿದೆ.

ಮೊನ್ನೆ ಮತ್ತೆ ಫೋನ್ ಮಾಡಿದ್ದರು. "ಬರೀರಿ ಅಕ್ಕಾರ, ಹೆಸರೊಂದು ಬ್ಯಾಡ" ಎಂದರು. ಆಮೇಲೆ ನಕ್ಕು, ಈ ಸಲ ಹಾಡೊಂದನ್ನೂ ಕೇಳಿದರು.