ಪ್ಯಾಂಟ್ ಜೇಬಿನ ಫೋನ್ ಮತ್ತು ಮಕ್ಕಳಾಗದ ಭಯ

ತೊಂಡೇಬಾವಿ ನಿಲ್ದಾಣದಲ್ಲಿ ಬೆಂಗಳೂರು ರೈಲಿಗೆ ಕಾಯುವ ಹುಡುಗರಲ್ಲಿ ಜೇಬಿನಲ್ಲಿ ಮೊಬೈಲ್ ಇಲ್ಲದವರು ಸಿಗುವುದು ಕಷ್ಟ. ‘ಅಲ್ಲಿಟ್ಟರೆ ಗಂಡಸುತನ ಹೋಗುತ್ತೆ, ಮಕ್ಕಳಾಗಲ್ಲ’ ಎಂಬ ಮಾತನ್ನು ಕೇಳದವರೂ ಕಡಿಮೆ. ಇಲ್ಲಿ ಎರಡು ಬೇರೆ ಸಂಗತಿಗಳು ಗಂಟುಬಿದ್ದಿವೆ. ಲೈಂಗಿಕ ಶಕ್ತಿ ಸರಿಯಿದ್ದವನಲ್ಲೂ ವೀರ್ಯಾಣು ಕಡಿಮೆ ಇರಬಹುದು. ಹೊರಗಿನಿಂದ ಅದು ಗೊತ್ತಾಗುವುದೇ ಇಲ್ಲ.

ಮೊಬೈಲ್ ಹೊರಸೂಸುವುದು ರೇಡಿಯೋ ತರಂಗ. ಎಕ್ಸ್-ರೇಯಂತೆ ಡಿಎನ್‌ಎ ಕೊಂಡಿಯನ್ನು ನೇರವಾಗಿ ಮುರಿಯುವ ಶಕ್ತಿ ಅದಕ್ಕಿಲ್ಲ. ಪ್ರಮಾಣ ಮೀರಿದರೆ ಅಂಗಾಂಶ ಬಿಸಿಯಾಗುತ್ತದೆ. ಅದಕ್ಕೆಂದೇ ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್‌ನಿಂದ ಹ್ಯಾಂಡ್‌ಸೆಟ್‌ನಿಂದ ದೇಹ ಹೀರಿಕೊಳ್ಳುವ ತರಂಗಶಕ್ತಿಗೆ ಅಂಗಾಂಶದ ಒಂದು ಕಿಲೋಗೆ 1.6 ವ್ಯಾಟ್ ಮಿತಿಯಿದೆ. *#07# ಒತ್ತಿದರೆ ಬಹುತೇಕ ಫೋನ್‌ಗಳು ತಮ್ಮ ಅಂಕಿ ತೋರಿಸುತ್ತವೆ.

ಭಯಕ್ಕೆ ಆಧಾರವೇ ಇಲ್ಲ ಎನ್ನಲಾಗದು. ಪ್ರಬಲ ತರಂಗಕ್ಕೆ ಒಡ್ಡಿದ ಪ್ರಯೋಗಾಲಯದ ಇಲಿಗಳಲ್ಲಿ ಹಾನಿ ಕಂಡದ್ದುಂಟು. ಸ್ವಿಟ್ಜರ್ಲೆಂಡಿನಲ್ಲಿ 18ರಿಂದ 22 ವರ್ಷದ 2,886 ಯುವಕರ ವೀರ್ಯ ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದಿನಕ್ಕೆ 20ಕ್ಕಿಂತ ಹೆಚ್ಚು ಸಲ ಫೋನ್ ಬಳಸುವವರಲ್ಲಿ ಒಂದು ಮಿಲಿಲೀಟರ್‌ಗೆ 4.45 ಕೋಟಿ ವೀರ್ಯಾಣು, ತೀರಾ ಅಪರೂಪಕ್ಕೆ ಬಳಸುವವರಲ್ಲಿ 5.65 ಕೋಟಿ. ಸುದ್ದಿಯಾದದ್ದು ಇಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಕೆಳಮಿತಿ 1.6 ಕೋಟಿ, ಎರಡೂ ಗುಂಪು ಅದಕ್ಕಿಂತ ಬಹಳ ಮೇಲಿವೆ. ವೀರ್ಯಾಣುವಿನ ಚಲನೆಯಲ್ಲಿ, ಆಕಾರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಖ್ಯವಾಗಿ, ಫೋನನ್ನು ಪ್ಯಾಂಟ್ ಜೇಬಿನಲ್ಲಿ ಇಟ್ಟುಕೊಂಡವರಿಗೂ ಬೇರೆಡೆ ಇಟ್ಟುಕೊಂಡವರಿಗೂ ಭೇದವಿರಲಿಲ್ಲ! ಹೆಚ್ಚು ಫೋನ್ ಬಳಸುವವರ ನಿದ್ದೆ, ಒತ್ತಡ, ಜೀವನಶೈಲಿಯೂ ಬೇರೆಯಿರಬಹುದು. ನಂಟು ಕಂಡ ಮಾತ್ರಕ್ಕೆ ಅದೇ ಕಾರಣವಾಗದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಾಮರ್ಶೆಯೂ ಮನುಷ್ಯರ ಮೇಲಿನ ಸಾಕ್ಷ್ಯ ತೀರಾ ದುರ್ಬಲ ಎಂದಿತು.

ನನ್ನ ಚಿಂತೆಯೇ ಬೇರೆ. ಫೋನನ್ನು ದೂರುತ್ತಾ ನಿಜವಾದ ಕಾರಣಗಳನ್ನು ಮರೆಯುತ್ತೇವೆ. ಬೀಡಿ-ಸಿಗರೇಟು, ಅತಿಯಾದ ಮದ್ಯ, ಬೊಜ್ಜು, ಸಕ್ಕರೆ ಕಾಯಿಲೆ, ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಇವೆಲ್ಲ ವೀರ್ಯಾಣುವಿಗೆ ಕುತ್ತು. ವೃಷಣ ದೇಹಕ್ಕಿಂತ ಎರಡು-ಮೂರು ಡಿಗ್ರಿ ತಂಪಾಗಿರಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಂತೆ ಒಲೆಯ ಕಾವಿನಲ್ಲಿ ದಿನವಿಡೀ ದುಡಿಯುವವರು ಈ ಮಾತನ್ನು ವೈದ್ಯರಿಗೆ ಹೇಳಲೇಬೇಕು.

ಮದುವೆಯಾಗಿ ವರ್ಷವಾದರೂ ಮಗುವಾಗದಿದ್ದರೆ ಹೆಂಡತಿಯನ್ನೊಬ್ಬಳನ್ನೇ ದೇವಸ್ಥಾನ, ಆಸ್ಪತ್ರೆಗೆ ಅಲೆಸಬೇಡಿ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ನೋವಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರಾಯಿತು. ಗಂಡಸರೇ, ಮೊದಲು ಅದನ್ನು ಮಾಡಿಸಿಕೊಳ್ಳಿ.