ನದಿಯ ಕೈಗೆಟುಕದ ಆಳಕ್ಕೆ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಹಂಬರ್ ಎಂಬ ದೊಡ್ಡ ಅಳಿವೆ ಇದೆ. ಆ ದೇಶದ ಐದನೇ ಒಂದು ಭಾಗದಷ್ಟು ನೆಲದ ಮಳೆನೀರು ಉತ್ತರ ಸಮುದ್ರಕ್ಕೆ ಸೇರುವುದು ಇಲ್ಲಿಂದಲೇ. ಅಳಿವೆಯ ತಳದಲ್ಲಿ ಕಾಲುವೆ ಅಗೆದು, 1980ರ ದಶಕದಲ್ಲಿ ನೈಸರ್ಗಿಕ ಅನಿಲದ ಉಕ್ಕಿನ ಕೊಳವೆಯೊಂದನ್ನು ಹೂತಿದ್ದರು. 2009ರ ತಪಾಸಣೆಯಲ್ಲಿ ಆ ಕೊಳವೆಯ ಒಂದು ಭಾಗ ಬಯಲಾಗಿ ಕಾಣಿಸಿತು. ಅದರ ಮೇಲಿದ್ದ ಮಣ್ಣನ್ನು ನೀರು ಹೊತ್ತೊಯ್ದಿತ್ತು.

‘ಫೀಡರ್ 9’ ಎಂದು ಕರೆಯಲಾಗುವ ಈ ಮಾರ್ಗ ಸಾಮಾನ್ಯವಾದುದಲ್ಲ. ನಾರ್ವೆಯಿಂದ 1,166 ಕಿ.ಮೀ. ದೂರ ಕಡಲತಳದಲ್ಲಿ ಬರುವ ಲ್ಯಾಂಗಲೆಡ್ ಕೊಳವೆ ಹಂಬರಿನ ಉತ್ತರಕ್ಕಿರುವ ಈಸಿಂಗ್ಟನ್‌ನಲ್ಲಿ ದಡ ಹತ್ತುತ್ತದೆ. ಅಲ್ಲಿನ ಅನಿಲ ದಕ್ಷಿಣದ ಊರುಗಳಿಗೆ ಹೋಗಬೇಕಾದರೆ ಅಳಿವೆ ದಾಟಬೇಕು. ಬ್ರಿಟನ್ನಿನ ಅನಿಲ ಪೂರೈಕೆಯಲ್ಲಿ ಐದರಲ್ಲೊಂದು ಪಾಲು ಹೊರಬಲ್ಲ ಕೊಳವೆ ಇದು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಬಹುಪಾಲು ಅನಿಲವನ್ನೇ ನಂಬಿದ ದೇಶಕ್ಕೆ ಇದು ಮುರಿದರೆ ಏನಾದೀತೆಂದು ಊಹಿಸಬಹುದು.

ಹಳೆಯ ಕೊಳವೆ ಎಂದೊಡನೆ ನಮಗೆ ನೆನಪಾಗುವುದು ತುಕ್ಕು. ತುಕ್ಕಿಗೆ ಮದ್ದಿದೆ: ಮೇಲೆ ಲೇಪನ, ಜೊತೆಗೆ ಉಕ್ಕಿಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ ಸವೆತ ತಡೆಯುವ ವಿಧಾನ. ನೀರು ದಾಟುವ ಕಡೆ ಇವೆರಡೂ ನೆಟ್ಟಗಿದ್ದರೂ ಕೊಳವೆ ಅಪಾಯಕ್ಕೆ ಸಿಲುಕಬಹುದು, ಏಕೆಂದರೆ ಅಲ್ಲಿ ನೆಲವೇ ನಿಂತಲ್ಲಿ ನಿಲ್ಲುವುದಿಲ್ಲ. ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹಂಬರಿನ ನೀರು ಆರು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ದಿನಕ್ಕೆ ಎರಡು ಬಾರಿ ಒಳನುಗ್ಗಿ, ಎರಡು ಬಾರಿ ಹಿಂದೆ ಸರಿಯುವ ಆ ನೀರು ಮರಳು ದಿಬ್ಬಗಳನ್ನೂ ಹರಿವಿನ ಪಾತ್ರವನ್ನೂ ಅತ್ತಿತ್ತ ಸರಿಸುತ್ತಲೇ ಇರುತ್ತದೆ.

ಕಡಲತೀರದಲ್ಲಿ ನಿಂತವರಿಗೆ ಇದು ಗೊತ್ತು: ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರಿ ಗುಂಡಿಯಾಗುತ್ತದೆ. ಮರಳಿನಿಂದ ತಲೆಯೆತ್ತಿದ ಕೊಳವೆಯ ಬಳಿಯೂ ಹೀಗೇ. ಅಡ್ಡ ಸಿಕ್ಕಿದ್ದನ್ನು ಬಳಸಿ ಹೋಗುವ ನೀರು ಅಲ್ಲಿ ವೇಗ ಪಡೆದು, ಬುಡದ ಮಣ್ಣನ್ನು ಕಿತ್ತುಕೊಂಡು ಹೋಗುತ್ತದೆ. ಕೊನೆಗೆ ಕೊಳವೆಯ ಅಡಿಯಲ್ಲೇ ದಾರಿಯಾಗಿ, ಅಷ್ಟು ಉದ್ದ ಅದು ಆಸರೆಯಿಲ್ಲದೆ ತೂಗುತ್ತದೆ. ಆಮೇಲಿನದು ಸುಳಿಗಳ ಆಟ. ಕೊಳವೆಯನ್ನು ದಾಟಿದ ನೀರು ಅದರ ಹಿಂಬದಿಯಲ್ಲಿ ಒಮ್ಮೆ ಮೇಲಂಚಿನಿಂದ, ಒಮ್ಮೆ ಕೆಳಅಂಚಿನಿಂದ ಸುಳಿಗಳನ್ನು ಕಳಚುತ್ತದೆ. ಒಂದು ಮೀಟರ್ ವ್ಯಾಸದ ಕೊಳವೆ, ಸೆಕೆಂಡಿಗೆ ಎರಡು ಮೀಟರ್ ಹರಿವು ಎಂದಿಟ್ಟುಕೊಂಡರೆ ಸುಮಾರು ಎರಡೂವರೆ ಸೆಕೆಂಡಿಗೊಮ್ಮೆ ಕೊಳವೆಗೆ ಈ ತಳ್ಳಾಟ ತಗಲುತ್ತದೆ. ಆಸರೆ ತಪ್ಪಿದ ಭಾಗ ಉದ್ದವಾದಷ್ಟೂ ಅದರ ಸಹಜ ಕಂಪನ ನಿಧಾನವಾಗುತ್ತದೆ. ಎರಡರ ಲಯ ಕೂಡಿತೆಂದರೆ ಉಕ್ಕು ಬಾಗುತ್ತ ನೆಟ್ಟಗಾಗುತ್ತ ದಣಿದು, ಬೆಸುಗೆಯ ಬಳಿ ಬಿರುಕು ಬಿಡಬಹುದು. ಒಳಗೆ ವಾತಾವರಣದ ಸುಮಾರು ಎಪ್ಪತ್ತು ಪಟ್ಟು ಒತ್ತಡದಲ್ಲಿ ಅನಿಲ ಕಾದಿರುತ್ತದೆ.

ಇದು ಬರೀ ಕಾಗದದ ಮೇಲಿನ ಭಯವಲ್ಲ. 1994ರ ಅಕ್ಟೋಬರಿನಲ್ಲಿ ಅಮೆರಿಕದ ಹ್ಯೂಸ್ಟನ್ ಬಳಿ ಸ್ಯಾನ್ ಜಸಿಂಟೊ ನದಿ ಉಕ್ಕಿ, ಹಳೆಯ ಪಾತ್ರ ಬಿಟ್ಟು ಬಯಲಿನಲ್ಲಿ ಹೊಸ ದಾರಿ ಕೊರೆಯಿತು. ಆ ಬಯಲಿನಡಿ ಹತ್ತಾರು ಕೊಳವೆಗಳಿದ್ದವು. ಎಂಟು ಒಡೆದವು, ಇನ್ನೂ 29ರ ಬುಡ ಸಡಿಲವಾಯಿತು. ತೈಲ ಹೊತ್ತಿಕೊಂಡು ಪ್ರವಾಹದ ಮೇಲೆಯೇ ಬೆಂಕಿ ಹರಿಯಿತು. ಸುಟ್ಟಗಾಯ, ಹೊಗೆಯಿಂದ ನರಳಿದವರು 547 ಮಂದಿ. ಕೊಳವೆ ಹೂಳುವಾಗ ನದಿ ಎಲ್ಲಿತ್ತೆಂದು ನೋಡಿದ್ದರು. ಮುಂದೆ ಎಲ್ಲಿಗೆ ಹೋಗಬಲ್ಲದು ಎಂಬುದಕ್ಕೆ ಸಾಕಷ್ಟು ಗಮನ ಸಿಕ್ಕಿರಲಿಲ್ಲ.

ಹಂಬರಿನಲ್ಲಿ ಬಿರುಕಿಗಾಗಿ ಕಾಯಲಿಲ್ಲ. ಕೊಳವೆಯ ಆಗಿನ ಒಡೆಯರಾದ ನ್ಯಾಷನಲ್ ಗ್ರಿಡ್ ಸಂಸ್ಥೆಯವರು ಮೊದಲು ಜಲ್ಲಿ ತುಂಬಿದ ಚೀಲಗಳನ್ನೂ, ಕಡಲಪಾಚಿಯನ್ನು ಅನುಕರಿಸುವ ಪ್ಲಾಸ್ಟಿಕ್ ಪಟ್ಟಿಗಳಿರುವ ಭಾರದ ಚಾಪೆಗಳನ್ನೂ ತಳದಲ್ಲಿ ಹಾಸಿದರು. ಪಟ್ಟಿಗಳು ನೀರಿನಲ್ಲಿ ಬಳುಕುತ್ತ ಹರಿವನ್ನು ತಗ್ಗಿಸುತ್ತವೆ, ನಿಧಾನವಾದ ನೀರು ಹೊತ್ತು ತಂದ ಹೂಳನ್ನು ಅಲ್ಲೇ ಇಳಿಸುತ್ತದೆ. ನೀರಿನಿಂದಲೇ ಮಣ್ಣು ಹೊರಿಸುವ ಈ ಉಪಾಯ ನನಗೆ ಬಹಳ ಮೆಚ್ಚುಗೆ. ಆದರೆ ಅದು ಕೆಲ ವರ್ಷಗಳ ತೇಪೆ ಮಾತ್ರ. ಶಾಶ್ವತ ಪರಿಹಾರಕ್ಕೆ ಕೊಳವೆಯನ್ನೇ ಬದಲಿಸಬೇಕಿತ್ತು.

ಮತ್ತೆ ಕಾಲುವೆ ಅಗೆದು ಹೂಳುವುದೆಂದರೆ ಅದೇ ನದಿಯ ಕೈಗೆ ಇನ್ನೊಂದು ಕೊಳವೆ ಕೊಟ್ಟಂತೆ. ಅದೂ ಅಲ್ಲದೆ ಹಂಬರ್ ವಲಸೆ ಹಕ್ಕಿಗಳ ನೆಲೆ, ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ ತಾಣ. ತಳವನ್ನು ಕೆದಕಿದರೆ ಅವುಗಳ ಊಟಕ್ಕೇ ಕುತ್ತು. ಎರಡನೆಯ ಆಯ್ಕೆ, ಒಂದು ದಡದಿಂದ ಓರೆಯಾಗಿ ಕೊರೆದು, ನದಿಯಡಿ ಬಾಗಿ ಸಾಗಿ, ಇನ್ನೊಂದು ದಡದಲ್ಲಿ ಮೇಲೇಳುವ ವಿಧಾನ. ಮೊದಲು ಸಣ್ಣ ರಂಧ್ರ, ಆಮೇಲೆ ಅದನ್ನು ಹಂತಹಂತವಾಗಿ ಹಿಗ್ಗಿಸುವುದು, ಗೋಡೆ ಕುಸಿಯದಂತೆ ಬೆಂಟೊನೈಟ್ ಜೇಡಿಯ ಕೆಸರು ತುಂಬುವುದು, ಕೊನೆಗೆ ಕೊಳವೆಯನ್ನು ಎಳೆದುಕೊಳ್ಳುವುದು. ಕೊಚ್ಚಿಯಿಂದ ಮಂಗಳೂರಿಗೆ 450 ಕಿ.ಮೀ. ಬಂದ ಗೇಲ್ ಅನಿಲ ಮಾರ್ಗ ಕಾಸರಗೋಡಿನ ಚಂದ್ರಗಿರಿ ಹೊಳೆಯನ್ನು ದಾಟಿದ್ದು ಇದೇ ಬಗೆಯ ಕೊರೆತದಿಂದ. ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಗುವ ಮುನ್ನ ಕಟ್ಟಕಡೆಗೆ ಉಳಿದಿದ್ದ ತೊಡಕುಗಳಲ್ಲಿ ಆ ಹೊಳೆಯೂ ಒಂದು. ಹಂಬರಿನಲ್ಲಾದರೋ ದೂರ ಸುಮಾರು ಐದು ಕಿ.ಮೀ., ಕೊಳವೆಯ ವ್ಯಾಸ ಒಂದು ಮೀಟರಿಗೂ ಮಿಕ್ಕಿ. ಅಷ್ಟು ದಪ್ಪದ ಕೊಳವೆಯನ್ನು ಅಷ್ಟುದ್ದದ ಮಣ್ಣಿನ ರಂಧ್ರದಲ್ಲಿ ಎಳೆಯುವುದು ಈ ವಿಧಾನಕ್ಕೆ ಹೇಳಿದ್ದಲ್ಲ.

ಉಳಿದದ್ದು ಸುರಂಗ. 2016ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. 2018ರಲ್ಲಿ ದಕ್ಷಿಣ ದಡದ ಗಾಕ್ಸ್‌ಹಿಲ್‌ನಿಂದ ಹೊರಟ ಕೊರೆಯುವ ಯಂತ್ರ, 2019ರ ಸೆಪ್ಟೆಂಬರಿನಲ್ಲಿ ಉತ್ತರ ದಡದ ಪಾಲ್ ಎಂಬಲ್ಲಿ ತಲೆಯೆತ್ತಿತು. ನಮ್ಮ ಮೆಟ್ರೊದವರು ಊರ್ಜಾ, ತುಂಗಾ, ಭದ್ರಾ ಎಂದು ಹೆಸರಿಟ್ಟಂತೆ ಅವರು ಅದಕ್ಕೆ ಮೇರಿ ಎಂದಿಟ್ಟಿದ್ದರು. ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಪೂರ್ಣ ಸದಸ್ಯತ್ವ ಪಡೆದ ಮೊದಲ ಮಹಿಳೆ ಮೇರಿ ಫರ್ಗುಸನ್ ಅವರ ನೆನಪಿಗೆ. ಯಂತ್ರ ಮುಂದೆ ಸಾಗಿದಂತೆ ಹಿಂದೆ ಕಾಂಕ್ರೀಟಿನ ಉಂಗುರಗಳು ಜೋಡಣೆಯಾಗುತ್ತ ಬಂದವು. ಅಳಿವೆಯ ತಳದಿಂದ ಸುಮಾರು ಮೂವತ್ತು ಮೀಟರ್ ಕೆಳಗಿನ ಆ ದಾರಿಯನ್ನು ಯಾವ ಉಬ್ಬರವಿಳಿತವೂ ಮುಟ್ಟದು.

ಕೊರೆದದ್ದಕ್ಕಿಂತ ಸೊಗಸಾದ ಕೆಲಸ ಆಮೇಲಿನದು. ಐದು ಕಿ.ಮೀ. ಉಕ್ಕನ್ನು ಇಕ್ಕಟ್ಟಾದ ಸುರಂಗದೊಳಗೆ ಸೇರಿಸುವುದು ಹೇಗೆ? ಸುರಂಗಕ್ಕೆ ನೀರು ತುಂಬಿದರು.

ನದಿಯಡಿಯ ಅನಿಲ ಕೊಳವೆಗೆ ತೇಲುವಿಕೆ ಹಳೆಯ ಶತ್ರು. 1.05 ಮೀಟರ್ ವ್ಯಾಸದ ಕೊಳವೆಯ ಪ್ರತಿ ಮೀಟರ್ ಉದ್ದ ಸುಮಾರು 865 ಕಿಲೊ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಗೋಡೆ ಎರಡು ಸೆಂಟಿಮೀಟರ್ ದಪ್ಪವಿದ್ದರೆ ಉಕ್ಕಿನ ತೂಕ 500 ಕಿಲೊ ಚಿಲ್ಲರೆ, ಒಳಗಿನ ಅನಿಲ ಐವತ್ತರ ಆಸುಪಾಸು. ಎರಡೂ ಸೇರಿ 865 ಮುಟ್ಟುವುದಿಲ್ಲ. ಆದ್ದರಿಂದಲೇ ನದಿತಳದ ಇಂಥ ಕೊಳವೆಗಳಿಗೆ ಕಾಂಕ್ರೀಟಿನ ಭಾರ ಹೊರಿಸುವುದು. ಸುರಂಗದಲ್ಲಿ ಅದೇ ತೇಲುವಿಕೆ ನೆಂಟನಾಯಿತು. ಕೊಳವೆ ತೇಲಿ ಚಾವಣಿಗೆ ಒತ್ತಿಕೊಳ್ಳಬಾರದು, ಮುಳುಗಿ ನೆಲಕ್ಕೆ ಉಜ್ಜಿಕೊಳ್ಳಲೂಬಾರದು. ಆ ಹದ ಹಿಡಿದರೆ ಅದರ ಭಾರದ ದೊಡ್ಡ ಪಾಲನ್ನು ನೀರೇ ಹೊರುತ್ತದೆ, ದಡದಲ್ಲಿ ಕೂತ ಯಂತ್ರಕ್ಕೆ ಉಳಿಯುವುದು ತಳ್ಳುವ ಕೆಲಸ. ಆರುನೂರು ಮೀಟರಿಗೂ ಮಿಕ್ಕ ಉದ್ದದ ಎಂಟು ತುಂಡುಗಳನ್ನು ಮೊದಲೇ ಬೆಸೆದಿಟ್ಟು, ಒಂದನ್ನು ತಳ್ಳಿ ಅದರ ಬಾಲಕ್ಕೆ ಇನ್ನೊಂದನ್ನು ಬೆಸೆದು ಮತ್ತೆ ತಳ್ಳುತ್ತ, 2020ರ ಬೇಸಿಗೆಯಲ್ಲಿ ಕೊಳವೆಯನ್ನು ಆಚೆ ದಡ ಮುಟ್ಟಿಸಿದರು.

ಕೊಳವೆ ಸೇರಿಸಿದ ಕೂಡಲೇ ಅನಿಲ ಬಿಡುವಂತಿಲ್ಲ. ಇಂಥ ಮಾರ್ಗಗಳಿಗೆ ಮೊದಲು ನೀರು ತುಂಬಿ, ಮುಂದೆ ಹೊರಬೇಕಾದ್ದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುತ್ತಾರೆ. ಆಮೇಲೆ ಆ ನೀರನ್ನು ಹೊರಹಾಕಿ, ತೇವವೂ ಉಳಿಯದಂತೆ ಒಣಗಿಸಬೇಕು. ಹೆಚ್ಚಿನ ಒತ್ತಡದಲ್ಲಿ, ತಂಪಿನಲ್ಲಿ, ಮೀಥೇನ್ ಮತ್ತು ನೀರು ಕೂಡಿದರೆ ಮಂಜುಗಡ್ಡೆಯಂಥ ಗಟ್ಟಿ ಪದಾರ್ಥ ಹುಟ್ಟಿ ದಾರಿ ಕಟ್ಟಿಬಿಡುತ್ತದೆ.

ನಮ್ಮಲ್ಲಿಗೆ ಬಂದರೆ, ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಬಂದ ಅನಿಲ ಮಾರ್ಗ ಮಲಪ್ರಭಾ, ತುಂಗಭದ್ರಾಗಳನ್ನು ದಾಟಿಯೇ ಬಂದಿದೆ. ಅದಿನ್ನೂ ಹರೆಯದ್ದು. ಆದರೆ ನಮ್ಮ ನದಿಗಳ ತಳವನ್ನು ಪ್ರವಾಹವೊಂದೇ ತಗ್ಗಿಸುತ್ತಿಲ್ಲ, ಮರಳು ತೆಗೆಯುವ ಯಂತ್ರಗಳೂ ತಗ್ಗಿಸುತ್ತಿವೆ. ಮೇಲ್ಗಡೆಯೋ ಕೆಳಗಡೆಯೋ ಮರಳು ಬಗೆದ ಗುಂಡಿ ಅಲ್ಲಿಗೇ ನಿಲ್ಲುವುದಿಲ್ಲ, ಹರಿವಿನ ಎರಡೂ ದಿಕ್ಕಿಗೆ ಹಬ್ಬುತ್ತದೆ. ಮರಳು ಗಣಿಗಾರಿಕೆಗೆ ಜಾಗ ಗುರುತಿಸುವಾಗ ಸೇತುವೆಯ ಕಂಬಗಳಿಂದ ದೂರ ಎಷ್ಟೆಂದು ಕೇಳುವಂತೆ, ನದಿ ದಾಟುವ ಕೊಳವೆಯಿಂದ ದೂರ ಎಷ್ಟು, ಅದರ ಮೇಲೆ ಇನ್ನೆಷ್ಟು ಮಣ್ಣು ಉಳಿದಿದೆ ಎಂದೂ ಕೇಳಬೇಕು. ನೀರಿನ ಮೇಲೆ ದೋಣಿ ಓಡಿಸಿ, ಧ್ವನಿತರಂಗ ಬಿಟ್ಟು ತಳದ ನಕ್ಷೆ ತೆಗೆಯುವುದು ಈಗ ಕಷ್ಟದ ಕೆಲಸವೇನಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಆ ನಕ್ಷೆಯನ್ನು ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡಿದರೆ, ಕೊಳವೆ ಬಯಲಾಗುವ ಮೊದಲೇ ತಿಳಿಯುತ್ತದೆ.