ಕೈತೋಟದಲ್ಲಿ ಹುಲ್ಲಿಗೊಂದು ಸ್ಥಾನ

ಯಾವುದಾದರೊಂದು ವಸ್ತು ತೀರ ಅಲ್ಪವಾದುದೆಂದು ಹೇಳಬೇಕಾದಾಗ ನಾವು ಅದನ್ನು ತೃಣಕ್ಕೆ ಹೋಲಿಸುತ್ತೇವೆ. ಆದರೆ ನಮಗೆ ಅನ್ನವನ್ನೀಯುವ ಭತ್ತ, ರಾಗಿ, ಜೋಳಗಳೂ ಬೆಲ್ಲವನ್ನೀಯುವ ಕಬ್ಬೂ ಹುಲ್ಲಿನ ಕುಲಕ್ಕೇ ಸೇರಿದುವು. ಹೊಲದಲ್ಲಿ ಹುಲ್ಲನ್ನು ಆದರಿಸುವ ನಾವು ಕೈತೋಟದಲ್ಲಿ ಮಾತ್ರ ಅದನ್ನು ಕಳೆಯೆಂದು ಕಿತ್ತೊಗೆಯುತ್ತೇವೆ.

ಹೂಗಿಡಗಳ ಸರಿಸಮಕ್ಕೆ ಹುಲ್ಲಿಗೂ ತೋಟದಲ್ಲಿ ಸ್ಥಾನ ದೊರಕಿಸಿಕೊಟ್ಟವರಲ್ಲಿ ಜರ್ಮನಿಯ ಸಸ್ಯಪಾಲಕ ಕಾರ್ಲ್ ಫರ್ಸ್ಟರ್ (೧೮೭೪–೧೯೭೦) ಪ್ರಮುಖರು. ೧೯೫೭ರಲ್ಲಿ ಅವರು ಈ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹುಲ್ಲಿನ ಪರಾಗವನ್ನು ಸಾಗಿಸುವುದು ಗಾಳಿ. ದುಂಬಿಯನ್ನು ಕರೆಯಬೇಕಾದ ಅಗತ್ಯವಿಲ್ಲದುದರಿಂದ ಅದರ ಹೂವಿಗೆ ಬಣ್ಣದ ದಳಗಳಿಲ್ಲ. ಎಲೆಗಳ ಬಾಗು, ಗಾಳಿಗೆ ತೂಗುವ ತೆನೆ, ಇಳಿಬಿಸಿಲಿನಲ್ಲಿ ಅದು ಮಿನುಗುವ ಪರಿ, ಇವುಗಳಲ್ಲಿಯೇ ಅದರ ಸೊಬಗು.

ಅಂಗಳದ ಹುಲ್ಲೆಂದೊಡನೆ ಹಲವರಿಗೆ ನೆನಪಾಗುವುದು ಹುಲ್ಲುಹಾಸು. ಬೇಸಗೆಯಲ್ಲಿ ಅದಕ್ಕೆ ಎಷ್ಟು ನೀರೆರೆದರೂ ಸಾಲದು. ನಾವಿಲ್ಲಿ ಹೇಳಹೊರಟಿರುವುದು ಗುಂಪುಗಟ್ಟಿ ನಿಲ್ಲುವ ಎತ್ತರದ ಹುಲ್ಲುಗಳ ವಿಷಯ. ಇವುಗಳನ್ನು ಆರಿಸುವಾಗ ಕಣ್ಣೊಂದನ್ನೇ ನಂಬಲಾಗದು. ಉತ್ತರ ಆಫ್ರಿಕ ಮೂಲದ ‘ಫೌಂಟನ್ ಹುಲ್ಲು’ ಕಾರಂಜಿಯಂತೆ ಚಿಮ್ಮುವ ತೆನೆಗಳಿಂದ ಬಹು ಚೆಲುವಾದುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಅದನ್ನು ಹವಾಯಿ ದ್ವೀಪಗಳಿಗೆ ಒಯ್ದರು. ಅದರ ಹಗುರವಾದ ಬೀಜಗಳು ಗಾಳಿಯೊಡನೆ ಬೇಲಿಯನ್ನು ದಾಟಿ ಬಯಲನ್ನು ಹೊಕ್ಕವು. ಒಣಗಿದ ಹುಲ್ಲು ಕಾಳ್ಗಿಚ್ಚಿಗೆ ಆಹಾರವಾಯಿತು. ಬೆಂಕಿಯಲ್ಲಿ ಸ್ಥಳೀಯ ಗಿಡಗಳು ಸತ್ತವು, ಈ ಹುಲ್ಲಾದರೋ ಬುಡದಿಂದ ಮತ್ತೆ ಚಿಗುರಿತು. ಐರೋಪ್ಯ ಒಕ್ಕೂಟವು ೨೦೧೭ರಲ್ಲಿ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿ ಇದರ ಮಾರಾಟವನ್ನು ನಿಷೇಧಿಸಿತು.

ಹಾಗಾದರೆ ಯಾವುದನ್ನು ನೆಡಬೇಕು? ಉತ್ತರ ನಮ್ಮ ನಾಡಿನಲ್ಲಿಯೇ ಉಂಟು. ಅದು ಲಾವಂಚ. ಬೇಸಗೆಯಲ್ಲಿ ನೀರು ಚಿಮುಕಿಸಿ ಬಾಗಿಲಿಗೆ ತೂಗುಹಾಕುವ ತಟ್ಟಿಯ ಪರಿಮಳ ಇದರ ಬೇರಿನದೇ. ಆಳೆತ್ತರಕ್ಕೆ ಬೆಳೆದು ಬಾಗುವ ಎಲೆಗಳೂ ನಸುನೇರಳೆಯ ತೆನೆಗಳೂ ಯಾವ ಅಲಂಕಾರದ ಗಿಡಕ್ಕೂ ಕಡಮೆಯಲ್ಲ. ದಕ್ಷಿಣ ಭಾರತದಲ್ಲಿ ಸಾಗುವಳಿಯಲ್ಲಿರುವ ಲಾವಂಚದಲ್ಲಿ ಮೊಳೆಯುವ ಬೀಜ ಕಟ್ಟುವುದೇ ವಿರಳ. ಆದುದರಿಂದ ಅದು ನೆಟ್ಟಲ್ಲಿಯೇ ನಿಲ್ಲುವುದು. ಬೇರುಗಳು ಹರಡದೆ ನೇರವಾಗಿ ೩ ಮೀಟರಿಗೂ ಆಳಕ್ಕೆ ಇಳಿಯಬಲ್ಲವು. ಬುಡಗಳು ಒತ್ತಾಗಿ ಕೂಡಿಕೊಂಡ ಸಾಲು ಮಳೆನೀರಿನ ಓಟವನ್ನು ತಗ್ಗಿಸಿ ಮಣ್ಣನ್ನು ತಡೆಯುತ್ತದೆ. ಗುಂಡ್ಲುಪೇಟೆಯ ಕಡೆಯ ರೈತರು ಹಲವು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚವನ್ನು ನೆಡುತ್ತ ಬಂದಿದ್ದಾರೆ. ಹೊಲದಲ್ಲಿ ನಡೆದ ಈ ಕೆಲಸ ಇಳಿಜಾರಿನ ಅಂಗಳದಲ್ಲಿಯೂ ನಡೆಯುವುದು.

ನೆಡುವ ಕ್ರಮ ಸುಲಭ. ಮುಂಗಾರು ಹಿಡಿದ ಮೇಲೆ ಹಳೆಯ ಬುಡವೊಂದನ್ನು ಅಗೆದು, ಎರಡು ಮೂರು ಕವಲುಗಳುಳ್ಳ ಸಸಿಗಳಾಗಿ ಬಿಡಿಸಬೇಕು. ಎಲೆಯನ್ನು ಒಂದು ಗೇಣಿಗೂ ಬೇರನ್ನು ಅದರ ಅರ್ಧಕ್ಕೂ ಕತ್ತರಿಸಿ, ಬಿಸಿಲು ಬೀಳುವೆಡೆಯಲ್ಲಿ ೧೦ರಿಂದ ೧೫ ಸೆಂಟಿಮೀಟರ್ ಅಂತರದ ಸಾಲಿನಲ್ಲಿ ನೆಡಬೇಕು. ಒಂಟಿಯಾಗಿ ಶೋಭಿಸಬೇಕಾದರೆ ಸುತ್ತಲೂ ಒಂದು ಮೀಟರ್ ಜಾಗವನ್ನು ಬಿಡಬೇಕು. ಬೇರು ಹಿಡಿಯುವವರೆಗೆ ಮಳೆ ತಪ್ಪಿದಾಗ ನೀರೆರೆದರೆ ಸಾಕು. ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕೊಯ್ದರೆ ಹೊಸ ಎಲೆ ಬರುವುದು. ಹುಲ್ಲಿನ ಬೆಳೆಯುವ ಮೊಳಕೆ ನೆಲದ ಮಟ್ಟದಲ್ಲಿರುವುದರಿಂದ ಕೊಯ್ಲು ಅದನ್ನು ನೋಯಿಸುವುದಿಲ್ಲ. ಕೊಯ್ದ ಎಲೆಯನ್ನು ಗಿಡಗಳ ಬುಡಕ್ಕೆ ಹೊದಿಸಬಹುದು. ಪರಿಮಳದ ಆಸೆಗೆ ಸಾಲಿನ ಬೇರನ್ನು ಮಾತ್ರ ಅಗೆಯಬಾರದು. ಅಗೆದರೆ ಮಣ್ಣು ಸಡಿಲವಾಗಿ ಮೊದಲ ಮಳೆಗೇ ಕೊಚ್ಚಿಹೋಗುವುದು. ಅಂಗಳ ಚಿಕ್ಕದಾದರೆ ಮಜ್ಜಿಗೆ ಹುಲ್ಲು ಒಪ್ಪುವುದು. ಅದೂ ಬುಡವನ್ನು ಬಿಡಿಸಿ ಬೆಳೆಸುವಂಥದೇ.

ಅಂಗಳಕ್ಕೆ ಹೊಸ ಹುಲ್ಲನ್ನು ತರುವ ವಾಚಕರು ಅದರ ಚೆಲುವಿನೊಡನೆ ಅದರ ಬೀಜದ ಗುಣವನ್ನೂ ವಿಚಾರಿಸಲಿ. ನಮ್ಮ ಬೇಲಿಯಾಚೆಗಿನ ನೆಲ ನಮ್ಮದಲ್ಲದಿರಬಹುದು. ಆದರೆ ಅಲ್ಲಿಗೆ ಹಾರಿಹೋಗುವ ಬೀಜಕ್ಕೆ ನಾವೇ ಹೊಣೆಗಾರರು.